ಪ್ರಿಂಟರ್ ಕೈಕೊಟ್ಟಾಗ ಡ್ರೈವರ್ ಅಳಿಸುವ ಮುನ್ನ

ನಿನ್ನೆ ರಾತ್ರಿ ಚೆನ್ನಾಗಿಯೇ ಇದ್ದ ಪ್ರಿಂಟರ್ ಇವತ್ತು ಬೆಳಿಗ್ಗೆ ಅಲ್ಲಾಡುವುದಿಲ್ಲ. ಮಗಳ ಸಿಇಟಿ ಪ್ರವೇಶಪತ್ರ ಬೇಕಾಗಿದೆ, ಬ್ಯಾಂಕಿನವರು ಪಹಣಿ ಪ್ರತಿ ಕೇಳಿದ್ದಾರೆ. ಯಂತ್ರದ ಹಸಿರು ದೀಪ ಉರಿಯುತ್ತಲೇ ಇದೆ, ಪರದೆಯ ಮೇಲೆ ಮಾತ್ರ ‘ಆಫ್‌ಲೈನ್’ ಎಂಬ ಬರಹ. ಪರಿಚಯದವರನ್ನು ಕೇಳಿದರೆ ಬರುವ ಸಲಹೆ ಸಾಮಾನ್ಯವಾಗಿ ಒಂದೇ: ‘ಡ್ರೈವರ್ ತೆಗೆದು ಮತ್ತೆ ಹಾಕಿ.’

ಸಲಹೆ ತಪ್ಪಲ್ಲ, ಆದರೆ ತೀರ ಅವಸರದ್ದು. ಕೇಬಲ್ ಸಡಿಲವಾಗಿದ್ದರೂ, ಹಿಂದಿನ ಕಡತವೊಂದು ಸರದಿಯಲ್ಲಿ ಸಿಕ್ಕಿಕೊಂಡಿದ್ದರೂ, ವೈಫೈ ರೂಟರ್ ಹೊಸ ವಿಳಾಸ ಕೊಟ್ಟಿದ್ದರೂ ಪರದೆಯ ಮೇಲೆ ಕಾಣುವ ದೂರು ಒಂದೇ ಥರ ಇರುತ್ತದೆ. ಡ್ರೈವರನ್ನು ಎಷ್ಟು ಸಲ ಅಳಿಸಿ ಹಾಕಿದರೂ ಇವು ಸರಿಹೋಗುವುದಿಲ್ಲ. ಕೆಲಸ ಎಲ್ಲಿ ನಿಂತಿದೆ ಎಂದು ಮೊದಲು ಗುರುತಿಸಿಕೊಂಡರೆ ಅರ್ಧ ದಿನ ಹಿಡಿಯುವ ರಿಪೇರಿ ಎಷ್ಟೋ ಸಲ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿನ ವಿವರ ಹೆಚ್ಚಾಗಿ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು.

ಡ್ರೈವರ್ ಮಾಡುವ ಕೆಲಸ

ಎಂಎಸ್-ಡಾಸ್ ಕಾಲದಲ್ಲಿ ವರ್ಡ್‌ಸ್ಟಾರ್, ವರ್ಡ್‌ಪರ್ಫೆಕ್ಟ್‌ನಂಥ ಒಂದೊಂದು ತಂತ್ರಾಂಶವೂ ತನಗೆ ಬೇಕಾದ ಪ್ರಿಂಟರ್ ಡ್ರೈವರುಗಳನ್ನು ತಾನೇ ಹೊತ್ತು ತರಬೇಕಿತ್ತು. ವಿಂಡೋಸ್ ಬಂದ ಮೇಲೆ ಆ ಹೊಣೆ ಕಾರ್ಯಾಚರಣೆ ವ್ಯವಸ್ಥೆಗೆ ಹೋಯಿತು. ಈಗ ನೀವು ‘ಪ್ರಿಂಟ್’ ಒತ್ತಿದಾಗ ಪುಟದ ವಿವರ ಮೊದಲು ‘ಪ್ರಿಂಟ್ ಸ್ಪೂಲರ್’ ಎಂಬ ಸೇವೆಯ ಕೈಗೆ ಹೋಗುತ್ತದೆ. ಅದು ಕೆಲಸಗಳನ್ನು ಸರದಿಯಲ್ಲಿ ನಿಲ್ಲಿಸುತ್ತದೆ. ಆ ಪುಟವನ್ನು ನಿಮ್ಮ ಪ್ರಿಂಟರಿಗೆ ಅರ್ಥವಾಗುವ ಆಜ್ಞೆಗಳಾಗಿ ಮಾರ್ಪಡಿಸುವುದು ಡ್ರೈವರ್. ಕೊನೆಗೆ ‘ಪೋರ್ಟ್’ ಎಂಬ ದಾರಿಯಲ್ಲಿ, ಅಂದರೆ ಯುಎಸ್‌ಬಿ ಅಥವಾ ವೈಫೈ ಮೂಲಕ, ಆಜ್ಞೆಗಳು ಯಂತ್ರ ತಲುಪುತ್ತವೆ.

ಎಲ್ಲ ಪ್ರಿಂಟರುಗಳೂ ಒಂದೇ ಭಾಷೆಯನ್ನು ತಿಳಿದಿರುವುದಿಲ್ಲ. ಎಚ್‌ಪಿ ರೂಪಿಸಿದ ಪಿಸಿಎಲ್, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್, ಎಪ್ಸನ್ನಿನ ಇಎಸ್‌ಸಿ/ಪಿ ಹೀಗೆ ಬಗೆಬಗೆಯವು ಇವೆ. ನಮ್ಮ ಮನೆ, ಅಂಗಡಿಗಳಲ್ಲಿ ಬಹಳ ಕಾಣುವ ಕ್ಯಾನನ್ ಎಲ್‌ಬಿಪಿ 2900 ಈ ಯಾವುದನ್ನೂ ಬಳಸುವುದಿಲ್ಲ. ಅದಕ್ಕೆ ಕ್ಯಾನನ್‌ನದೇ ಆದ ‘ಕ್ಯಾಪ್ಟ್’ ಎಂಬ ಪದ್ಧತಿಯಿದೆ. ಪುಟವನ್ನು ಚುಕ್ಕೆಗಳಾಗಿ ಒಡೆಯುವ ಹೆಚ್ಚಿನ ಕೆಲಸವನ್ನು ಕಂಪ್ಯೂಟರೇ ಮಾಡಿ ಕಳಿಸಬೇಕು. ಹೀಗಾಗಿ ‘ಯಾವುದೋ ಒಂದು ಲೇಸರ್ ಡ್ರೈವರ್’ ಹಾಕಿದರೆ ಅದು ನಡೆಯುವುದೇ ಇಲ್ಲ. ಎಚ್‌ಪಿ ಲೇಸರ್‌ಜೆಟ್ 1020ರ ವಿಚಾರ ಇನ್ನೂ ಸೂಕ್ಷ್ಮ. ಅದರ ಫರ್ಮ್‌ವೇರ್, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ತಂತ್ರಾಂಶ, ಯಂತ್ರದೊಳಗೆ ಶಾಶ್ವತವಾಗಿ ಉಳಿಯುವುದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರಿನಿಂದ ಹೊಸದಾಗಿ ಹೋಗಬೇಕು. ಕರೆಂಟ್ ಹೋಗಿ ಬಂದ ಮೇಲೆ ಇಂಥ ಪ್ರಿಂಟರ್ ಸುಮ್ಮನೆ ಕೂತಿದ್ದರೆ ಫರ್ಮ್‌ವೇರ್ ತಲುಪದೇ ಇರುವುದೂ ಒಂದು ಕಾರಣವಾಗಿರಬಹುದು.

ಮೊದಲ ಐದು ನಿಮಿಷ

1. ಪ್ರಿಂಟರ್, ಸ್ಕ್ಯಾನರ್ ಎರಡೂ ಒಟ್ಟಿಗಿರುವ ಯಂತ್ರವಾದರೆ ಗಾಜಿನ ಮೇಲೆ ಒಂದು ಹಾಳೆಯಿಟ್ಟು ಜೆರಾಕ್ಸ್ ಬಟನ್ ಒತ್ತಿ. ಪ್ರತಿ ಸರಿಯಾಗಿ ಬಂದರೆ ಶಾಯಿ, ಕಾಗದದ ರೋಲರು, ಸ್ಕ್ಯಾನರಿನ ದೀಪ ಎಲ್ಲವೂ ಚೆನ್ನಾಗಿವೆ ಎಂದರ್ಥ. ತೊಂದರೆ ಇರುವುದು ಕಂಪ್ಯೂಟರಿನಲ್ಲಿ, ಇಲ್ಲವೇ ಅವೆರಡರ ನಡುವಿನ ದಾರಿಯಲ್ಲಿ. ಪ್ರತಿಯೇ ಬರದಿದ್ದರೆ ಡ್ರೈವರಿನ ಗೊಡವೆಗೆ ಹೋಗಬೇಡಿ, ರಿಪೇರಿ ಬೇಕಿರುವುದು ಯಂತ್ರಕ್ಕೆ.

2. ಯುಎಸ್‌ಬಿ ಕೇಬಲ್ಲಿನ ಎರಡೂ ತುದಿ ಬಿಚ್ಚಿ ಮತ್ತೆ ಗಟ್ಟಿಯಾಗಿ ಸಿಕ್ಕಿಸಿ. ನಡುವೆ ಹಬ್ ಇದ್ದರೆ ತೆಗೆದು ನೇರವಾಗಿ ಜೋಡಿಸಿ. ಡೆಸ್ಕ್‌ಟಾಪ್ ಆಗಿದ್ದರೆ ಹಿಂಬದಿಯ ಪೋರ್ಟ್ ಒಳ್ಳೆಯದು.

3. ಕಂಪ್ಯೂಟರನ್ನು ‘ರೀಸ್ಟಾರ್ಟ್’ ಮಾಡಿ. ‘ಶಟ್ ಡೌನ್’ ಮಾಡಿ ಮತ್ತೆ ಹಾಕುವುದು ಇದಕ್ಕೆ ಸಮವಲ್ಲ. ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಹೊತ್ತಿನಲ್ಲಿ ವಿಂಡೋಸ್‌ನ ತಿರುಳು ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮರುದಿನ ಹಾಗೆಯೇ ಎದ್ದು ಬರುತ್ತದೆ. ಸಿಕ್ಕಿಕೊಂಡದ್ದೂ ಸಿಕ್ಕಿಕೊಂಡಂತೆಯೇ ಬರಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ.

4. ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್’ ಪುಟ ತೆರೆದು, ನಿಮ್ಮ ಪ್ರಿಂಟರ್ ಆರಿಸಿ ‘ಪ್ರಿಂಟ್ ಟೆಸ್ಟ್ ಪೇಜ್’ ಒತ್ತಿ. ಟೆಸ್ಟ್ ಪುಟ ಬಂದು ನಿಮ್ಮ ಕಡತ ಬರದಿದ್ದರೆ ಡ್ರೈವರ್ ಸರಿಯಿದೆ. ನೋಡಬೇಕಾದದ್ದು ಆ ಕಡತವನ್ನೋ ಅದನ್ನು ತೆರೆದಿರುವ ತಂತ್ರಾಂಶವನ್ನೋ.

ಸರದಿಯಲ್ಲಿ ಸಿಕ್ಕಿಕೊಂಡ ಕೆಲಸ

ಕಾಗದ ಮುಗಿದಾಗ, ನಡುವೆ ಕರೆಂಟ್ ಹೋದಾಗ, ದೊಡ್ಡ ಪಿಡಿಎಫ್ ಅರ್ಧಕ್ಕೆ ನಿಂತಾಗ ಆ ಕೆಲಸ ಸ್ಪೂಲರಿನ ಸರದಿಯಲ್ಲೇ ಉಳಿಯುತ್ತದೆ. ಅದು ಕದಲುವವರೆಗೆ ಹಿಂದಿನವು ಮುಂದೆ ಹೋಗುವುದಿಲ್ಲ. ‘ಕ್ಯಾನ್ಸಲ್’ ಒತ್ತಿದರೆ ‘ಡಿಲೀಟಿಂಗ್’ ಎಂದು ತೋರಿಸುತ್ತ ಗಂಟೆಗಟ್ಟಲೆ ಕೂರುವುದೂ ಉಂಟು. ಆಗ ಕೈಯಾರೆ ತೆರವು ಮಾಡಬೇಕು.

1. ಪ್ರಿಂಟರಿನ ಸ್ವಿಚ್ ಆರಿಸಿ.
2. ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ಎಂದು ಹುಡುಕಿ ತೆರೆಯಿರಿ. ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಟಾಪ್’ ಕೊಡಿ.
3. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಹೆಸರಿನ ಫೋಲ್ಡರ್ ಇದೆ. ವಿಂಡೋಸ್ ಅನುಮತಿ ಕೇಳಿದರೆ ಕೊಡಿ. ಆ ಫೋಲ್ಡರಿನ ಒಳಗಿರುವ ಕಡತಗಳನ್ನೆಲ್ಲ ಅಳಿಸಿ. ಫೋಲ್ಡರನ್ನು ಮಾತ್ರ ಅಳಿಸಬೇಡಿ.
4. ಸ್ಪೂಲರಿಗೆ ಮತ್ತೆ ‘ಸ್ಟಾರ್ಟ್’ ಕೊಟ್ಟು, ಆಮೇಲೆ ಪ್ರಿಂಟರ್ ಹಾಕಿ.

ಒಂದು ಎಚ್ಚರಿಕೆ: ಪ್ರಿಂಟರ್ ಒಂದೊಂದು ಹಾಳೆಯ ಮೇಲೂ ಅರ್ಥವಿಲ್ಲದ ಚಿಹ್ನೆಗಳ ಒಂದೆರಡು ಸಾಲು ಮುದ್ರಿಸುತ್ತ ಕಾಗದ ಮುಗಿಸತೊಡಗಿದರೆ ತಕ್ಷಣ ಕಾಗದದ ತಟ್ಟೆ ಖಾಲಿ ಮಾಡಿ ಸ್ವಿಚ್ ಆರಿಸಿ. ತಪ್ಪು ಡ್ರೈವರಿನಿಂದಲೋ ಅರ್ಧಕ್ಕೆ ನಿಂತ ಕೆಲಸದಿಂದಲೋ, ಪ್ರಿಂಟರ್ ತನಗೆ ಬಂದ ಆಜ್ಞೆಗಳನ್ನು ಆಜ್ಞೆ ಎಂದು ತಿಳಿಯದೆ ಅಕ್ಷರವೆಂದು ಮುದ್ರಿಸುತ್ತಿರುತ್ತದೆ. ಮೇಲಿನ ಕ್ರಮದಲ್ಲಿ ಸರದಿ ತೆರವು ಮಾಡಿ ಟೆಸ್ಟ್ ಪುಟ ತೆಗೆಯಿರಿ. ಅದರಲ್ಲೂ ಅದೇ ಚಿಹ್ನೆಗಳು ಬಂದರೆ ತಪ್ಪು ಡ್ರೈವರಿನದೇ.

‘ಆಫ್‌ಲೈನ್’ ಎಂದರೆ ಏನು?

ವಿಂಡೋಸ್‌ಗೆ ಗೊತ್ತಿರುವ ದಾರಿಯಲ್ಲಿ ಪ್ರಿಂಟರ್ ಸಿಗುತ್ತಿಲ್ಲ ಎಂದಷ್ಟೇ ಈ ಮಾತಿನ ಅರ್ಥ. ಕೆಟ್ಟುಹೋಗಿದೆ ಎಂದಲ್ಲ.

ಯುಎಸ್‌ಬಿ ಪ್ರಿಂಟರುಗಳಲ್ಲಿ ಪದೇ ಪದೇ ಕಾಣುವುದು ‘ಕಾಪಿ 1’ ತೊಡಕು. ಧೂಳು ಒರೆಸುವಾಗ ಕೇಬಲ್ ಬಿಚ್ಚಿ ಬೇರೆ ಪೋರ್ಟಿಗೆ ಹಾಕಿದರೆ ಕೆಲವು ಮಾದರಿಗಳನ್ನು ವಿಂಡೋಸ್ ಹೊಸ ಯಂತ್ರವೆಂದೇ ತಿಳಿಯುತ್ತದೆ. ಪಟ್ಟಿಯಲ್ಲಿ ಅದೇ ಹೆಸರಿನ ಮುಂದೆ ‘ಕಾಪಿ 1’ ಸೇರಿಸಿದ ಇನ್ನೊಂದು ಪ್ರಿಂಟರ್ ಹುಟ್ಟಿಕೊಳ್ಳುತ್ತದೆ. ನೀವು ಎಂದಿನಂತೆ ಹಳೆಯ ಹೆಸರಿಗೆ ಕಳಿಸುತ್ತೀರಿ, ಆ ಪೋರ್ಟಿನಲ್ಲಿ ಈಗ ಯಾರೂ ಇಲ್ಲ. ಕೇಬಲ್ಲನ್ನು ಹಳೆಯ ಜಾಗಕ್ಕೇ ಹಾಕಿ, ಇಲ್ಲವೇ ಹೊಸ ಹೆಸರನ್ನು ಡಿಫಾಲ್ಟ್ ಮಾಡಿ ಹಳೆಯದನ್ನು ತೆಗೆದುಬಿಡಿ. ಇದರ ಜೊತೆಗೇ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್’ ಎಂಬ ಆಯ್ಕೆಯನ್ನೂ ನಿಲ್ಲಿಸಿ. ಅದು ಚಾಲೂ ಇದ್ದರೆ ಕೊನೆಯ ಸಲ ಬಳಸಿದ್ದೇ ಡಿಫಾಲ್ಟ್ ಆಗುತ್ತದೆ. ಒಮ್ಮೆ ‘ಪ್ರಿಂಟ್ ಟು ಪಿಡಿಎಫ್’ ಬಳಸಿದ್ದರೆ ಮುಂದಿನ ಪ್ರಿಂಟ್ ಕಾಗದದ ಬದಲು ಕಡತವಾಗಿ ಎಲ್ಲೋ ಉಳಿದುಬಿಡುತ್ತದೆ.

ವೈಫೈ ಪ್ರಿಂಟರುಗಳ ಕಥೆ ಬೇರೆ. ಮನೆಯ ರೂಟರ್ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. ಅದು ಶಾಶ್ವತವಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್, ಪ್ರಿಂಟರ್ ಎರಡೂ ಹೊಸದಾಗಿ ಶುರುವಾಗಿ ವಿಳಾಸ ಬದಲಾಗಬಹುದು, ಕಂಪ್ಯೂಟರ್ ಮಾತ್ರ ಹಳೆಯ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ಪದೇ ಪದೇ ಕರೆಂಟ್ ಹೋಗುವ ಊರುಗಳಲ್ಲಿ ಈ ತೊಂದರೆ ಮರುಕಳಿಸುವುದು ಸಹಜ. ಪ್ರಿಂಟರಿನಿಂದಲೇ ನೆಟ್‌ವರ್ಕ್ ವಿವರದ ಹಾಳೆಯೊಂದನ್ನು ಮುದ್ರಿಸಬಹುದು. ಯಾವ ಬಟನ್ ಒತ್ತಬೇಕೆಂಬುದು ಕೈಪಿಡಿಯಲ್ಲಿರುತ್ತದೆ. ಅದರಲ್ಲಿರುವ ವಿಳಾಸವನ್ನು ಪ್ರಿಂಟರಿನ ‘ಪೋರ್ಟ್ಸ್’ ಪಟ್ಟಿಯಲ್ಲಿರುವ ವಿಳಾಸದೊಂದಿಗೆ ಹೋಲಿಸಿ. ಬೇರೆಯಿದ್ದರೆ ‘ಆಡ್ ಪೋರ್ಟ್’ ಒತ್ತಿ, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ ಹೊಸ ವಿಳಾಸ ಕೊಡಿ. ಪಟ್ಟಿಯಲ್ಲಿ ‘ಡಬ್ಲ್ಯುಎಸ್‌ಡಿ’ ಎಂಬ ಪೋರ್ಟ್ ಇದ್ದು ಪ್ರಿಂಟರ್ ಆಗಾಗ ಮಾಯವಾಗುತ್ತಿದ್ದರೂ ಇದೇ ಬದಲಾವಣೆ ನೆರವಾಗುತ್ತದೆ. ತೊಂದರೆ ಮತ್ತೆ ಬರಬಾರದೆಂದರೆ ರೂಟರಿನ ಸೆಟ್ಟಿಂಗ್‌ನಲ್ಲಿ ಪ್ರಿಂಟರಿಗೆ ಒಂದು ವಿಳಾಸ ಕಾಯ್ದಿರಿಸಿ. ಇಲ್ಲಿ ಕಳೆಯುವ ಹತ್ತು ನಿಮಿಷಕ್ಕಿಂತ ಲಾಭದ ಕೆಲಸ ಈ ಲೇಖನದಲ್ಲಿ ಇನ್ನೊಂದಿಲ್ಲ.

ಮನೆಬಳಕೆಯ ಅನೇಕ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ ಎಂಬುದನ್ನೂ ಗಮನದಲ್ಲಿಡಿ. ಹೊಸ ರೂಟರ್ ಹಾಕಿಸಿದ ದಿನವೇ ಪ್ರಿಂಟರ್ ಕಾಣೆಯಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನು, ಅದರ ಬೆನ್ನಿಗೆ ಬದಲಾದ ಪಾಸ್‌ವರ್ಡನ್ನು.

ಡ್ರೈವರ್ ತೆಗೆದು ಹಾಕುವ ಸರಿಯಾದ ಕ್ರಮ

ಇಷ್ಟೆಲ್ಲ ನೋಡಿದ ಮೇಲೂ ಟೆಸ್ಟ್ ಪುಟ ಬರದಿದ್ದರೆ, ಅಥವಾ ಡಿವೈಸ್ ಮ್ಯಾನೇಜರಿನಲ್ಲಿ ಪ್ರಿಂಟರಿನ ಹೆಸರಿನ ಪಕ್ಕ ಹಳದಿ ತ್ರಿಕೋನ ಕಂಡರೆ, ಡ್ರೈವರ್ ಬದಲಿಸುವುದೇ ಸರಿ. ಆ ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಒಂದು ಸಂಖ್ಯೆ ಕಾಣುತ್ತದೆ. ‘ಕೋಡ್ 28’ ಎಂದರೆ ಡ್ರೈವರ್ ಸ್ಥಾಪನೆಯಾಗಿಲ್ಲ. ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಜೊತೆಗೆ ‘ಕೋಡ್ 43’ ಬಂದರೆ ಮೊದಲು ಕೇಬಲ್ ಬದಲಿಸಿ ನೋಡಿ.

ಪಟ್ಟಿಯಿಂದ ಪ್ರಿಂಟರನ್ನು ‘ರಿಮೂವ್’ ಮಾಡಿದ ಮಾತ್ರಕ್ಕೆ ಡ್ರೈವರ್ ಹೋಗುವುದಿಲ್ಲ. ಅದರ ಪೊಟ್ಟಣ ವಿಂಡೋಸ್‌ನೊಳಗೆ ಉಳಿದಿರುತ್ತದೆ. ಮತ್ತೆ ಕೇಬಲ್ ಸಿಕ್ಕಿಸಿದ ತಕ್ಷಣ ಅದೇ ಕೆಟ್ಟ ಡ್ರೈವರ್ ಬಂದು ಕೂರುತ್ತದೆ. ಹತ್ತು ಸಲ ಹಾಕಿದರೂ ಸರಿಯಾಗಲಿಲ್ಲ ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ.

1. ಮೊದಲು ಹೊಸ ಡ್ರೈವರನ್ನು ಇಳಿಸಿಟ್ಟುಕೊಳ್ಳಿ. ಯಂತ್ರದ ಮೇಲಿನ ಪೂರ್ತಿ ಮಾದರಿ ಸಂಖ್ಯೆ ನೋಡಿ, ಕಂಪನಿಯ ಸ್ವಂತ ಜಾಲತಾಣದಿಂದಲೇ ತೆಗೆದುಕೊಳ್ಳಿ. ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ಭಾಗದ ‘ಅಬೌಟ್’ ಪುಟದಲ್ಲಿ ನಿಮ್ಮ ವಿಂಡೋಸ್ 32 ಬಿಟ್ಟಿನದೋ 64ರದೋ, ಪ್ರೊಸೆಸರ್ ಯಾವುದು ಎಂಬುದು ಕಾಣುತ್ತದೆ. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ಹೊಸ ಲ್ಯಾಪ್‌ಟಾಪುಗಳಿಗೆ ‘ಆರ್ಮ್64’ ಡ್ರೈವರ್ ಬೇಕು, ಇಂಟೆಲ್ ಯಂತ್ರದ್ದು ನಡೆಯುವುದಿಲ್ಲ.

2. ಕೇಬಲ್ ಬಿಚ್ಚಿ. ‘ಇನ್‌ಸ್ಟಾಲ್ಡ್ ಆಪ್ಸ್’ ಪಟ್ಟಿಯಲ್ಲಿ ಆ ಪ್ರಿಂಟರಿಗೆ ಸೇರಿದ ತಂತ್ರಾಂಶಗಳನ್ನು ಅನ್‌ಇನ್‌ಸ್ಟಾಲ್ ಮಾಡಿ, ಪಟ್ಟಿಯಿಂದ ಪ್ರಿಂಟರನ್ನೂ ತೆಗೆಯಿರಿ.

3. ‘ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್’ ಪುಟದಲ್ಲೇ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ಇದೆ. ಅದರ ‘ಡ್ರೈವರ್ಸ್’ ಭಾಗದಲ್ಲಿ ಹಳೆಯ ಹೆಸರನ್ನು ಆರಿಸಿ, ‘ರಿಮೂವ್ ಡ್ರೈವರ್ ಆಂಡ್ ಡ್ರೈವರ್ ಪ್ಯಾಕೇಜ್’ ಕೊಡಿ. ಡ್ರೈವರ್ ಬಳಕೆಯಲ್ಲಿದೆ ಎಂದು ತಕರಾರು ಬಂದರೆ ಸ್ಪೂಲರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಕೂಡಲೇ ಮತ್ತೆ ಪ್ರಯತ್ನಿಸಿ.

4. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಹೊಸ ಡ್ರೈವರ್ ಸ್ಥಾಪನೆ ಶುರು ಮಾಡಿ. ಪರದೆಯ ಮೇಲೆ ಸೂಚನೆ ಬರುವ ತನಕ ಯುಎಸ್‌ಬಿ ಕೇಬಲ್ ಹಾಕಬೇಡಿ. ಮುಂಚೆಯೇ ಹಾಕಿದರೆ ವಿಂಡೋಸ್ ತನಗೆ ತೋಚಿದ ಡ್ರೈವರನ್ನು ಹೊಂದಿಸಿಬಿಡುತ್ತದೆ.

ಸ್ಯಾಮ್‌ಸಂಗ್ ಪ್ರಿಂಟರ್ ಇರುವವರು ಗಮನಿಸಬೇಕಾದ್ದೊಂದಿದೆ. ಆ ಕಂಪನಿಯ ಪ್ರಿಂಟರ್ ವಹಿವಾಟನ್ನು ಎಚ್‌ಪಿ 2017ರಲ್ಲಿ ಕೊಂಡುಕೊಂಡಿತು. ಹಾಗಾಗಿ ಡ್ರೈವರನ್ನು ಹುಡುಕಬೇಕಾದ್ದು ಎಚ್‌ಪಿ ತಾಣದಲ್ಲಿ.

ಡ್ರೈವರ್ ಹುಡುಕಾಟದಲ್ಲಿ ನಿಜವಾದ ಅಪಾಯವಿರುವುದು ಸರ್ಚ್ ಫಲಿತಾಂಶಗಳಲ್ಲಿ. ಕಂಪನಿಯ ಹೆಸರು, ಲಾಂಛನ ಹಾಕಿಕೊಂಡ ನಕಲಿ ತಾಣಗಳು ಜಾಹೀರಾತಿನ ರೂಪದಲ್ಲಿ ಮೇಲೆಯೇ ಕಾಣುತ್ತವೆ. ಕೆಲವು ‘ಡ್ರೈವರ್ ಅಪ್‌ಡೇಟರ್’ ಹೆಸರಿನಲ್ಲಿ ಬೇಡದ ತಂತ್ರಾಂಶ ತುಂಬುತ್ತವೆ. ಇನ್ನು ಕೆಲವು ಡ್ರೈವರ್ ಇಳಿಸುವ ನಾಟಕವಾಡಿ, ಕೊನೆಗೆ ದೋಷ ಬಂದಂತೆ ತೋರಿಸಿ, ‘ಸಹಾಯವಾಣಿ’ಗೆ ಕರೆ ಮಾಡಿಸುತ್ತವೆ. ಆ ಕಡೆಯವರು ನಿಮ್ಮ ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸುವ ಆಪ್ ಹಾಕಿಸಿ ಹಣ ಕೇಳುತ್ತಾರೆ. ಕಂಪನಿಗಳು ತಮ್ಮ ಪ್ರಿಂಟರ್ ಡ್ರೈವರುಗಳನ್ನು ತಮ್ಮ ತಾಣಗಳಲ್ಲಿ ಉಚಿತವಾಗಿಯೇ ಕೊಡುತ್ತವೆ. ಹಣ, ಓಟಿಪಿ, ರಿಮೋಟ್ ಆಪ್ ಈ ಮೂರರಲ್ಲಿ ಯಾವುದನ್ನು ಕೇಳಿದರೂ ಕರೆ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಆಗುವುದಿಲ್ಲ

ಯಂತ್ರ ಒಂದೇ ಆದರೂ ವಿಂಡೋಸ್‌ನ ಕಣ್ಣಿಗೆ ಪ್ರಿಂಟರ್, ಸ್ಕ್ಯಾನರ್ ಎರಡು ಬೇರೆ ಸಾಧನಗಳು. ಸ್ಕ್ಯಾನರಿಗೆ ಸ್ಪೂಲರಿನ ಸಂಬಂಧವಿಲ್ಲ. ಅದು ‘ಟ್ವೈನ್’ ಅಥವಾ ‘ವಿಯಾ’ ಎಂಬ ಬೇರೆಯೇ ದಾರಿಯಲ್ಲಿ ಬರುತ್ತದೆ. ಟ್ವೈನ್ 1992ರಿಂದ ಇದೆ, ವಿಯಾ ಮೈಕ್ರೋಸಾಫ್ಟ್ ತಂದದ್ದು. ಕೇಬಲ್ ಸಿಕ್ಕಿಸಿದಾಗ ವಿಂಡೋಸ್ ತಾನಾಗಿ ಹಾಕಿಕೊಳ್ಳುವ ಸಾಮಾನ್ಯ ಡ್ರೈವರಿನಲ್ಲಿ ಎಷ್ಟೋ ಸಲ ಮುದ್ರಣ ಮಾತ್ರ ಇರುತ್ತದೆ. ಕಂಪನಿಯ ತಾಣದಲ್ಲಿ ‘ಬೇಸಿಕ್’ ಡ್ರೈವರ್ ಬಿಟ್ಟು ‘ಫುಲ್’ ಪ್ಯಾಕೇಜ್ ಆರಿಸಿದರೆ, ಅಥವಾ ಪ್ರತ್ಯೇಕವಾಗಿ ಕೊಟ್ಟಿರುವ ಸ್ಕ್ಯಾನರ್ ಡ್ರೈವರನ್ನು ಹಾಕಿದರೆ ಸಾಮಾನ್ಯವಾಗಿ ತೊಂದರೆ ಮುಗಿಯುತ್ತದೆ.

ಮುಗಿಯಲಿಲ್ಲವೇ? ‘ಸರ್ವಿಸಸ್’ ಪಟ್ಟಿಯಲ್ಲಿ ‘ವಿಂಡೋಸ್ ಇಮೇಜ್ ಅಕ್ವಿಸಿಷನ್’ (ಇದೇ ವಿಯಾ) ನಡೆಯುತ್ತಿದೆಯೇ ನೋಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಯಂತ್ರದ ಮೇಲಿನ ‘ಸ್ಕ್ಯಾನ್ ಟು ಪಿಸಿ’ ಬಟನ್ ಕೆಲಸ ಮಾಡದಿದ್ದರೆ ಅದನ್ನೇ ಒತ್ತುತ್ತಿರಬೇಡಿ, ಕಂಪ್ಯೂಟರಿನಲ್ಲಿರುವ ‘ವಿಂಡೋಸ್ ಫ್ಯಾಕ್ಸ್ ಆಂಡ್ ಸ್ಕ್ಯಾನ್’ನಿಂದ ಶುರು ಮಾಡಿ. ಆ ಬಟನ್ನಿಗೆ ಕಂಪನಿಯ ತಂತ್ರಾಂಶ ಹಿನ್ನೆಲೆಯಲ್ಲಿ ಎಚ್ಚರವಾಗಿರಬೇಕಾಗುತ್ತದೆ.

ಹಳೆಯ ಸ್ಕ್ಯಾನರುಗಳಲ್ಲಿ ಇನ್ನೊಂದು ಒಗಟು ಕಾಣುತ್ತದೆ: ಡ್ರೈವರ್ ಇದೆ, ಆದರೆ ತಂತ್ರಾಂಶದ ಪಟ್ಟಿಯಲ್ಲಿ ಸ್ಕ್ಯಾನರಿನ ಹೆಸರಿಲ್ಲ. 32 ಬಿಟ್ಟಿನ ಟ್ವೈನ್ ಡ್ರೈವರ್ 64 ಬಿಟ್ಟಿನ ತಂತ್ರಾಂಶಕ್ಕೆ ನೇರವಾಗಿ ಕಾಣಿಸುವುದಿಲ್ಲ, ಅದೇ ಕಾರಣ. ಇಂಥಲ್ಲಿ ‘ನ್ಯಾಪ್ಸ್2’ ಎಂಬ ಉಚಿತ ತಂತ್ರಾಂಶ ಒಳ್ಳೆಯ ಆಸರೆ. ಟ್ವೈನ್, ವಿಯಾ ಎರಡನ್ನೂ ಬಳಸಿ ನೋಡಬಹುದು. ಹಲವು ಪುಟಗಳನ್ನು ಒಂದೇ ಪಿಡಿಎಫ್ ಮಾಡುತ್ತದೆ, ಕನ್ನಡ ಅಕ್ಷರಗಳನ್ನು ಗುರುತಿಸುವ ಓಸಿಆರ್ ಭಾಗವನ್ನೂ ಸೇರಿಸಿಕೊಳ್ಳಬಹುದು. ಮನೆಯ ಹಳೆಯ ಪತ್ರಗಳನ್ನು ಸ್ಕ್ಯಾನ್ ಮಾಡಿಡುವವರು ಇದನ್ನೊಮ್ಮೆ ನೋಡಲೇಬೇಕು.

ಕ್ಯಾನನ್ ಲೈಡ್ ಸರಣಿಯಂಥ ತೆಳು ಸ್ಕ್ಯಾನರುಗಳು ಕರೆಂಟನ್ನೂ ಯುಎಸ್‌ಬಿಯಿಂದಲೇ ಪಡೆಯುತ್ತವೆ. ಹಬ್‌ಗೆ ಹಾಕಿದರೆ ಸಾಲದೇ ಹೋಗಬಹುದು. ಇವುಗಳಲ್ಲಿ ಹಲವಕ್ಕೆ ಅಡಿಭಾಗದಲ್ಲಿ ಸಾಗಣೆಗಾಗಿ ಇಟ್ಟ ಲಾಕ್ ಇರುತ್ತದೆ. ಮನೆ ಬದಲಿಸಿದ ಮೇಲೆ ಸ್ಕ್ಯಾನರ್ ಕದಲದಿದ್ದರೆ ಡ್ರೈವರಿಗಿಂತ ಮೊದಲು ಅದನ್ನು ತಿರುಗಿಸಿ ನೋಡಿ.

ಡ್ರೈವರಿನದಲ್ಲದ ತಪ್ಪುಗಳು

ಕನ್ನಡ ಕಡತ ಮುದ್ರಿಸಿದಾಗ ಅಕ್ಷರ ಕೆಟ್ಟು ಬಂದರೆ ಬೈಗುಳ ಡ್ರೈವರಿಗೇ ಬೀಳುತ್ತದೆ. ಮೊದಲು ಪರದೆ ನೋಡಿ. ಅಲ್ಲೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಾದ ಕಡತ, ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ. ಫಾಂಟ್ ಹಾಕಿಕೊಳ್ಳಿ, ಇಲ್ಲವೇ ಕಳಿಸಿದವರಿಂದ ಪಿಡಿಎಫ್ ತರಿಸಿಕೊಳ್ಳಿ. ಪರದೆಯ ಮೇಲೆ ಸರಿಯಿದ್ದು ಕಾಗದದಲ್ಲಿ ಮಾತ್ರ ಒತ್ತಕ್ಷರಗಳು ಚದುರಿದ್ದರೆ ಅಡೋಬಿ ರೀಡರಿನ ಪ್ರಿಂಟ್ ಕಿಟಕಿಯಲ್ಲಿ ‘ಅಡ್ವಾನ್ಸ್‌ಡ್’ ಒತ್ತಿ, ‘ಪ್ರಿಂಟ್ ಆ್ಯಸ್ ಇಮೇಜ್’ ಆಯ್ಕೆ ಮಾಡಿ. ಪುಟವೇ ಚಿತ್ರವಾಗಿ ಹೋಗುವುದರಿಂದ ಮುದ್ರಣ ತುಸು ನಿಧಾನ, ಅಕ್ಷರ ಮಾತ್ರ ಕೆಡುವುದಿಲ್ಲ.

ತಟ್ಟೆಯಲ್ಲಿ ಕಾಗದವಿದ್ದರೂ ‘ಕಾಗದ ಹಾಕಿ’ ಎಂದು ದೀಪ ಮಿನುಗುತ್ತಿದ್ದರೆ ಕಾಗದದ ಅಳತೆ ನೋಡಿ. ಕೆಲವು ಡ್ರೈವರುಗಳು ಅಮೆರಿಕದ ‘ಲೆಟರ್’ ಅಳತೆಯನ್ನೇ (216×279 ಮಿ.ಮೀ.) ಹಿಡಿದುಕೊಂಡಿರುತ್ತವೆ. ನಮ್ಮಲ್ಲಿ ಬಳಕೆಯಲ್ಲಿರುವುದು 210×297 ಮಿ.ಮೀ. ಅಳತೆಯ ಎ4. ‘ಪ್ರಿಂಟಿಂಗ್ ಪ್ರಿಫರೆನ್ಸಸ್’ನಲ್ಲಿ ಒಮ್ಮೆ ಬದಲಿಸಿದರೆ ಸಾಕು.

ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ

ಇದು ಬರೀ ಅನುಮಾನವಲ್ಲ. 2021ರ ಮಾರ್ಚ್ ತಿಂಗಳ ವಿಂಡೋಸ್ 10 ಅಪ್‌ಡೇಟ್ ಬಂದ ಮೇಲೆ ಕೆಲವು ಕಂಪನಿಗಳ ಪ್ರಿಂಟರುಗಳಲ್ಲಿ ಪ್ರಿಂಟ್ ಒತ್ತಿದೊಡನೆ ಕಂಪ್ಯೂಟರೇ ನೀಲಿ ಪರದೆ ತೋರಿಸಿ ನಿಲ್ಲುತ್ತಿತ್ತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ತಿದ್ದುಪಡಿ ತಂದಿತು. ಅದೇ ವರ್ಷದ ಜುಲೈಯಲ್ಲಿ ಸ್ಪೂಲರಿನಲ್ಲೇ ‘ಪ್ರಿಂಟ್‌ನೈಟ್‌ಮೇರ್’ ಎಂದು ಹೆಸರಾದ ಭದ್ರತಾ ಬಿರುಕು ಬಯಲಾಯಿತು. ಅದರ ಬೆನ್ನಿಗೆ ಸ್ಪೂಲರಿನ ಇಂಥ ಬಿರುಕುಗಳನ್ನು ಮುಚ್ಚುವ ಕ್ರಮಗಳ ಸರಣಿಯಲ್ಲಿ, ಒಂದು ಕಂಪ್ಯೂಟರಿನ ಪ್ರಿಂಟರನ್ನು ಇನ್ನೊಂದಕ್ಕೆ ಹಂಚಿಕೊಂಡಿದ್ದ ಎಷ್ಟೋ ಕಡೆ ಸಂಪರ್ಕ ಕಡಿದು, ‘11ಬಿ’ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಬರತೊಡಗಿತು. ರಿಜಿಸ್ಟ್ರಿಯಲ್ಲಿ ಆ ರಕ್ಷಣೆಯನ್ನೇ ಆಫ್ ಮಾಡುವ ಉಪಾಯ ಆಗ ಎಲ್ಲೆಡೆ ಹರಡಿತು. ಅದನ್ನು ಅನುಸರಿಸಬೇಡಿ, ಮುಚ್ಚಿದ ಬಿರುಕನ್ನು ಮತ್ತೆ ತೆರೆದಂತಾಗುತ್ತದೆ. ಎರಡೂ ಕಂಪ್ಯೂಟರುಗಳನ್ನು ಅಪ್‌ಡೇಟ್ ಮಾಡಿ. ಪ್ರಿಂಟರಿಗೆ ವೈಫೈ ಇದ್ದರೆ ಎರಡನ್ನೂ ಅದಕ್ಕೇ ನೇರವಾಗಿ ಜೋಡಿಸಿ.

ತೀರ ಈಚಿನ ಅಪ್‌ಡೇಟೇ ಕಾರಣವೆಂದು ಖಚಿತವಾದರೆ ‘ಅಪ್‌ಡೇಟ್ ಹಿಸ್ಟರಿ’ ಪುಟದಿಂದ ಅದೊಂದನ್ನು ತೆಗೆಯಬಹುದು. ತಿದ್ದುಪಡಿ ಬಂದೊಡನೆ ಮತ್ತೆ ಹಾಕಿಕೊಳ್ಳಬೇಕು. ಅಪ್‌ಡೇಟುಗಳನ್ನು ಪೂರ್ತಿ ನಿಲ್ಲಿಸಿ ಕೂರುವುದು ಪ್ರಿಂಟರಿಗೋಸ್ಕರ ಇಡೀ ಕಂಪ್ಯೂಟರನ್ನು ಅಪಾಯಕ್ಕೊಡ್ಡಿದಂತೆ.

ಹಳೆಯ ಯಂತ್ರ, ಹೊಸ ವಿಂಡೋಸ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಕಂಪ್ಯೂಟರ್ ತಂದವರ ಮುಂದೆ ಈಗ ಹಳೆಯ ಪ್ರಿಂಟರಿನ ಪ್ರಶ್ನೆ ನಿಂತಿದೆ. ಕಂಪನಿಗಳ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ಕಡಿಮೆ ಮಾಡುವ ಯೋಜನೆಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಬದಲಿಗೆ ಐಪಿಪಿ ಎಂಬ ಸಾಮಾನ್ಯ ಪದ್ಧತಿಗೆ ಒತ್ತು. ಕಂಪನಿಯ ತಾಣದಿಂದ ಡ್ರೈವರ್ ತಂದು ಹಾಕಲು ಇದರಿಂದ ಅಡ್ಡಿಯಿಲ್ಲ. ಆದ್ದರಿಂದ ಇವತ್ತು ಸರಿಯಾಗಿ ನಡೆಯುತ್ತಿರುವ ಡ್ರೈವರಿನ ಕಡತವನ್ನು ಒಂದು ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿ. ಹೊಸ ಪ್ರಿಂಟರ್ ಕೊಳ್ಳುವವರು ಪೆಟ್ಟಿಗೆಯ ಮೇಲೆ ‘ಮೋಪ್ರಿಯಾ’ ಅಥವಾ ‘ಏರ್‌ಪ್ರಿಂಟ್’ ಗುರುತಿದೆಯೇ ನೋಡಿಕೊಳ್ಳಲಿ. ಇವು ಕಂಪನಿಯ ಪ್ರತ್ಯೇಕ ಡ್ರೈವರಿಲ್ಲದೆಯೂ ನಡೆಯುವ ಮಾದರಿಗಳು.

ವಿಂಡೋಸ್ 11 ಪೂರ್ತಿ ಕೈಬಿಟ್ಟ ಸಾಧನವನ್ನು ಎಸೆಯುವ ಮುನ್ನ ಲಿನಕ್ಸ್‌ನಲ್ಲಿ ಒಮ್ಮೆ ಪರೀಕ್ಷಿಸಿ. ಅದರ ಕಪ್ಸ್ ಮುದ್ರಣ ವ್ಯವಸ್ಥೆ ಮತ್ತು ಸೇನ್ ಸ್ಕ್ಯಾನರ್ ವ್ಯವಸ್ಥೆ ಎಷ್ಟೋ ಹಳೆಯ ಮಾದರಿಗಳನ್ನು ಇಂದಿಗೂ ನಡೆಸುತ್ತವೆ. ಉಬುಂಟುವನ್ನು ಪೆನ್‌ಡ್ರೈವಿನಿಂದಲೇ, ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸದೆ, ಶುರು ಮಾಡಿ ನೋಡಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಪ್ರಿಂಟ್ ಬರಲಿಲ್ಲವೆಂದು ಮತ್ತೆ ಮತ್ತೆ ‘ಪ್ರಿಂಟ್’ ಒತ್ತುವುದು. ಸರದಿ ಬಿಡಿಸಿಕೊಂಡಾಗ ಅಷ್ಟೂ ಪ್ರತಿಗಳು ಹೊರಬರುತ್ತವೆ.

• ಮಾದರಿ ಸಂಖ್ಯೆಯ ಕೊನೆಯ ಅಂಕಿಯನ್ನು ಕಡೆಗಣಿಸುವುದು. ಎಪ್ಸನ್ ಎಲ್3110ಕ್ಕೆ ಯುಎಸ್‌ಬಿ ಮಾತ್ರ, ಎಲ್3150ಕ್ಕೆ ವೈಫೈ ಕೂಡ ಇದೆ. ನೋಡಲು ಅಕ್ಕತಂಗಿಯರಾದರೂ ಡ್ರೈವರ್ ಬೇರೆ.

• ಒಂದೇ ಸಲಕ್ಕೆ ಕೇಬಲ್, ಡ್ರೈವರ್, ಪೋರ್ಟ್ ಮೂರನ್ನೂ ಬದಲಿಸುವುದು. ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ತೊಂದರೆ ಮತ್ತೆ ಬಂದಾಗ ಮೊದಲಿನಿಂದ ಹುಡುಕಬೇಕು.

ಇಷ್ಟಾದರೂ ಬಗೆಹರಿಯದೆ ಸರ್ವಿಸ್ ಸೆಂಟರಿಗೆ ಹೋಗಬೇಕಾದರೆ ಯಂತ್ರದ ಜೊತೆ ಅದರ ಪವರ್ ಕೇಬಲ್, ಯುಎಸ್‌ಬಿ ಕೇಬಲ್ ಎರಡನ್ನೂ ಒಯ್ಯಿರಿ. ದೋಷಸಂಖ್ಯೆ ಕಾಣುವ ಪರದೆಯ ಫೋಟೊ ಮೊಬೈಲಿನಲ್ಲಿರಲಿ. ಜೆರಾಕ್ಸ್ ಪ್ರತಿ ಬಂತೇ, ಟೆಸ್ಟ್ ಪುಟ ಬಂತೇ, ಬೇರೆ ಕಂಪ್ಯೂಟರಿಗೆ ಹಾಕಿದಾಗ ಏನಾಯಿತು ಎಂಬ ಮೂರು ಉತ್ತರಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೌಂಟರಿನಲ್ಲಿ ಕೊಡಿ.